ಬಾಡಿಗೆ ಗೋಡೆ

ಹೋದ ವರ್ಷ ಜುಲೈ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ, ಆಫೀಸಿನ ಸ್ಟ್ಯಾಂಡ್-ಅಪ್ ಮೀಟಿಂಗ್ ನಡೆಯುತ್ತಿದ್ದಾಗ ಊರಿನಿಂದ ಕಾಕಾ ಫೋನ್ ಮಾಡಿದ. ಲ್ಯಾಪ್‌ಟಾಪ್ ಮ್ಯೂಟ್ ಮಾಡಿ ಎತ್ತಿದೆ.

"ತಮ್ಮಾ, ಕೆಲಸದಾಗ ಇದ್ದೀಯೇನು? ಒಂದ ನಿಮಿಷ ಅಷ್ಟ. ಸರಕಾರದ ಸೋಲಾರ್ ಮೋಟರ್‌ಗೆ ಅರ್ಜಿ ಹಾಕೀನಿ. ಐದು ಸಾವಿರದ ಆರುನೂರು ಕಟ್ಟೀನಿ. ಈಗ ಇನ್ನೂ ಹದಿನೆಂಟು ಸಾವಿರ ಕಟ್ರಿ, ಮುಂದಿನ ವಾರ ಮೋಟರ್ ಹೊಲಕ್ಕ ಬರ್ತೈತಿ ಅನ್ನಾಕತ್ತಾರ. ಕಟ್ಟಲೇನು?"

"ಕಟ್ಟಬ್ಯಾಡ. ಎಲ್ಲಿ ನೋಡಿದಿ ಅದನ್ನ?"

"ಫೋನಿನ್ಯಾಗ ಹುಡುಕಿದ್ನೆಪಾ. ಎಲ್ಲಾರಕಿಂತ ಮ್ಯಾಲೆ ಅದ ಇತ್ತು. ಮ್ಯಾಲೆ ಐತಿ ಅಂದ್ರ ಖರೇನ ಇರಬೇಕಲಾ?"

ನಮ್ಮೂರು ರೋಣದಿಂದ ನರಗುಂದದ ಕಡೆ ಹೋಗುವ ದಾರಿಯಲ್ಲಿದೆ. ಎರಿ ಹೊಲ, ಮಳೆ ಬಂದರೆ ಹೆಸರು, ಹಿಂಗಾರಿಗೆ ಕಡ್ಲಿ, ಜೋಳ. ಕಾಕಾನ ಹೊಲದಲ್ಲಿ ಒಂದು ಬೋರ್ ಇದೆ, ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ಎದ್ದು ಹೋಗಿ ನೀರು ಹಾಯಿಸಬೇಕು. ಅರವತ್ತು ದಾಟಿದವನಿಗೆ ಹಗಲು ಹೊತ್ತಿನಲ್ಲಿ ನೀರು ಎತ್ತುವ ಸೋಲಾರ್ ಮೋಟರ್ ಅಂದರೆ ಏನು ಅನ್ನೋದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಅಳೆಯುವುದು ಕಷ್ಟ. ಆತ ಆಸೆಬುರುಕನೂ ಅಲ್ಲ, ದಡ್ಡನೂ ಅಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ ವಿರುದ್ಧ ರೈತರು ಎದ್ದಾಗ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದಾಗ, ಕಾಕಾ ಹೈಸ್ಕೂಲು ಹುಡುಗ. ಹೊಲಕ್ಕೆ ನೀರೇ ಸರಿಯಾಗಿ ಮುಟ್ಟದೆ ಸರಕಾರ ನೋಟೀಸು ಕೊಟ್ಟು ಕರ ಕೇಳಿದಾಗ "ಕಟ್ಟೂದಿಲ್ಲ" ಅಂದ ನೆಲ ಅದು. ಸರಕಾರದ ಕಾಗದವನ್ನೇ ಅನುಮಾನಿಸಲು ಗೊತ್ತಿದ್ದ ಮನುಷ್ಯ, ಫೋನಿನ ಮೇಲಿನ ಸಾಲನ್ನು ನಂಬಿಬಿಟ್ಟ. ಇದು ಹೇಗಾಯಿತು ಅಂತ ಯೋಚಿಸುತ್ತಾ ಹೋದಾಗ ನನಗೆ ಸಿಕ್ಕ ಚರಿತ್ರೆ ಇದು. ಇದರಲ್ಲಿ ನನ್ನದೂ ಒಂದು ಸಣ್ಣ ಪಾಲಿದೆ, ಅದನ್ನೂ ಹೇಳ್ತೀನಿ.

ಗೋಡೆಯಿಂದಲೇ ಶುರು ಮಾಡೋಣ. ಗದಗದಿಂದ ರೋಣಕ್ಕೆ, ಅಲ್ಲಿಂದ ಗಜೇಂದ್ರಗಡಕ್ಕೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ರಸ್ತೆ ಬದಿಯ ಮನೆಗಳ ಗೋಡೆ ತುಂಬಾ ಸಿಮೆಂಟು, ಬೀಜ, ಗೊಬ್ಬರ, ಪೈಪುಗಳ ಜಾಹೀರಾತು. ಪೇಂಟರ್ ಬಂದು ಮನೆಯವರನ್ನು ಕೇಳುತ್ತಾನೆ, ಅವರು ಹೂಂ ಅಂದರೆ ಗೋಡೆಗೆ ಬಿಟ್ಟಿ ಬಣ್ಣ. ಏನು ಬರೆದ ಅಂತ ಮನೆಯವರಿಗೆ ಗೊತ್ತಿರುತ್ತದೆ, ಓಣಿಯವರಿಗೂ ಗೊತ್ತಿರುತ್ತದೆ. ಬೀಜ ಹುಟ್ಟದಿದ್ದರೆ "ನಿಮ್ಮ ಗ್ವಾಡಿ ಮ್ಯಾಲೆ ಬರದಿತ್ತಲ್ರೀ" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಗೋಡೆಯ ಮಾಲೀಕನಿಗೆ ಆ ಮುಜುಗರ ಇರುತ್ತದೆ.

ಪತ್ರಿಕೆಗಳು ಬಂದಾಗ ಗೋಡೆ ದೂರವಾಯಿತು. ಬ್ರಿಟಿಷರು 1877ರಲ್ಲಿ ಅಂಚೆಯಲ್ಲಿ ವಿಪಿಪಿ ತಂದರು. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಒಂದು ಕಾರ್ಡು ಬರೆದರೆ ಸಾಕು, ಪೋಸ್ಟ್‌ಮನ್ ಮನೆಗೇ ಪೊಟ್ಟಣ ತಂದು, ದುಡ್ಡು ಇಸಕೊಂಡು, ಆಮೇಲೆ ಕೈಗೆ ಕೊಡುತ್ತಾನೆ. ಗಮನಿಸಿ, ಬಿಚ್ಚಿ ನೋಡುವ ಮೊದಲೇ ದುಡ್ಡು. ಗಡಿಯಾರ, ಔಷಧ, ವಶೀಕರಣದ ಉಂಗುರ ಎಲ್ಲಾ ಹೀಗೆ ಮಾರಾಟವಾದವು. ನಾನು ಸಣ್ಣವನಿದ್ದಾಗಲೂ ಇದು ನಡೆದಿತ್ತು. ಪೇಪರಿನಲ್ಲಿ ಒಂಬತ್ತು ಮನೆಗಳ ಒಂದು ಚೌಕ. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿಸಿದರೂ 15 ಬರಬೇಕು, ಸರಿ ಉತ್ತರ ಬರೆದವರಿಗೆ ರೇಡಿಯೋ. ಮೂರನೇ ಕ್ಲಾಸಿನ ಹುಡುಗರೂ ಬಿಡಿಸುವ ಲೆಕ್ಕ. ನಾನು ಬರೆದು ಹಾಕಿದೆ, 'ಗೆದ್ದೆ'. ಬಹುಮಾನ ಏನಂದರೆ ಆ ರೇಡಿಯೋವನ್ನು 'ರಿಯಾಯಿತಿ ದರ'ದಲ್ಲಿ ವಿಪಿಪಿ ಮೂಲಕ ಬಿಡಿಸಿಕೊಳ್ಳುವ ಹಕ್ಕು. ಅಪ್ಪ ಆ ಕಾಗದ ಓದಿ, ಒಲೆಗೆ ಹಾಕಿ, "ಗೆದ್ದಾವ ರೊಕ್ಕಾ ಕೊಡ್ತಾನೇನಲೇ?" ಅಂದಿದ್ದ. ನನಗೆ ಎರಡು ದಿನ ಸಿಟ್ಟಿತ್ತು.

ಆ ಕಾಲದಲ್ಲೂ ಮೋಸ ಇತ್ತು, ಬೇಕಾದಷ್ಟಿತ್ತು. ಆದರೆ ಒಂದು ವಿಷಯ ನೋಡಿ. ಪತ್ರಿಕೆಯಲ್ಲಿ ಬರುವ ಪ್ರತಿ ಜಾಹೀರಾತನ್ನು ಮೊಳೆ ಜೋಡಿಸುವವನಿಂದ ಹಿಡಿದು ಮ್ಯಾನೇಜರ್‌ವರೆಗೆ ಯಾರಾದರೂ ಒಬ್ಬ ಮನುಷ್ಯ ಕಣ್ಣಿನಿಂದ ನೋಡಿರುತ್ತಿದ್ದ. ಕಾನೂನಿಗೂ ಇದು ಗೊತ್ತಿತ್ತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಮಾಯದ ಮದ್ದು ಮಾರುವವನನ್ನು ಮಾತ್ರ ಹಿಡಿಯಲಿಲ್ಲ. ಅಂಥ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೂ ಯಾವ ರೀತಿಯಲ್ಲೂ ಪಾಲ್ಗೊಳ್ಳಬಾರದು ಎಂದಿತು. ಅಂದರೆ ಗೋಡೆಯ ಮಾಲೀಕನೂ ಬಂದ. ಪತ್ರಿಕೆಗಳು ಕೆಳಗೆ ಸಣ್ಣಕ್ಷರದಲ್ಲಿ 'ಜಾಹೀರಾತಿನ ಸತ್ಯಾಸತ್ಯತೆಗೆ ಪತ್ರಿಕೆ ಹೊಣೆಯಲ್ಲ' ಅಂತ ಹಾಕಿಕೊಂಡು ಬಂದವು, ಅದು ಬೇರೆ ಮಾತು.

ಈಗ ಅಮೆರಿಕಕ್ಕೆ ಹೋಗಬೇಕು, ಯಾಕಂದರೆ ಕಾಕಾನ ಫೋನಿಗೆ ಬಂದ ಜಾಹೀರಾತಿನ ಯಂತ್ರ ತಯಾರಾದದ್ದು ಅಲ್ಲಿ. 1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಎಂಬ ವೆಬ್ ಪತ್ರಿಕೆಯಲ್ಲಿ ಎಟಿ ಅಂಡ್ ಟಿ ಕಂಪನಿಯ ಒಂದು ಉದ್ದನೆಯ ಪಟ್ಟಿ ಕಾಣಿಸಿಕೊಂಡಿತು. ವೆಬ್ಬಿನ ಬ್ಯಾನರ್ ಜಾಹೀರಾತುಗಳ ಮೂಲಪುರುಷ ಅಂತ ಎಲ್ಲರೂ ಹೇಳುವುದು ಇದನ್ನೇ. ನೋಡಿದವರಲ್ಲಿ ಶೇಕಡಾ 44 ಜನ ಅದನ್ನು ಒತ್ತಿದ್ದರು ಅಂತ ಹೇಳುತ್ತಾರೆ. ಅದು ಪತ್ರಿಕೆಯ ಜಾಹೀರಾತಿನ ಹಾಗೇ ಇತ್ತು, ಹಾಟ್‌ವೈರ್ಡ್‌ನವರೇ ಪುಟದಲ್ಲಿ ಅಂಟಿಸಿದ್ದರು. ಬದಲಾವಣೆ ಬಂದದ್ದು ಇದಾದ ಒಂದೆರಡು ವರ್ಷಕ್ಕೆ, ಡಬಲ್‌ಕ್ಲಿಕ್‌ನಂಥ ಕಂಪನಿಗಳಿಂದ. ಅವರ ಮಾತು ಇಷ್ಟೇ: ನಿಮ್ಮ ಪುಟದಲ್ಲಿ ಒಂದು ಖಾಲಿ ಚೌಕ ಬಿಡಿ, ಅದರಲ್ಲಿ ಏನು ತೋರಿಸಬೇಕು ಅಂತ ನಮ್ಮ ಸರ್ವರ್ ನೋಡಿಕೊಳ್ಳುತ್ತೆ. ಓದುಗ ಪುಟ ತೆರೆದಾಗ ಅವನ ಬ್ರೌಸರ್ ಆ ಚೌಕಕ್ಕಾಗಿ ಬೇರೆಯವರ ಯಂತ್ರಕ್ಕೆ ಹೋಗಿ ಕೇಳುತ್ತದೆ. ಪತ್ರಿಕೆಯವನಿಗೆ ತನ್ನ ಗೋಡೆಯ ಮೇಲೆ ಈ ಕ್ಷಣ ಏನಿದೆ ಅನ್ನೋದೇ ಗೊತ್ತಿರುವುದಿಲ್ಲ. ಗೋಡೆಗೆ ಒಂದೇ ಬಣ್ಣ ಅನ್ನುವ ಕಾಲ ಮುಗಿಯಿತು. ಹಾದು ಹೋಗುವ ಒಬ್ಬೊಬ್ಬನಿಗೂ ಆ ಕ್ಷಣಕ್ಕೆ ಹೊಸದಾಗಿ ಬರೆದ ಗೋಡೆ. 2008ರಲ್ಲಿ ಗೂಗಲ್ 310 ಕೋಟಿ ಡಾಲರಿಗೆ ಡಬಲ್‌ಕ್ಲಿಕ್ಕನ್ನು ಕೊಂಡಿತು ಅಂದಮೇಲೆ ಆ ಚೌಕದ ಬೆಲೆ ನೀವೇ ಊಹಿಸಿ.

ಇಲ್ಲೊಂದು ತಮಾಷೆಯ ಪ್ರಸಂಗ. ನಾವೆಲ್ಲ ಸೈಬರ್ ಕೆಫೆಗಳಲ್ಲಿ ಬಯ್ದುಕೊಂಡ ಪಾಪ್-ಅಪ್ ಕಿಟಕಿಯ ಕೋಡ್ ಬರೆದವರಲ್ಲೊಬ್ಬರು ಟ್ರೈಪಾಡ್ ಕಂಪನಿಯ ಈಥನ್ ಝುಕರ್‌ಮನ್. 2014ರಲ್ಲಿ ಅವರು ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅದನ್ನು ಮಾಡಿದ್ದು ಯಾಕೆ ಅಂದರೆ, ಒಂದು ಕಾರು ಕಂಪನಿಯ ಜಾಹೀರಾತು ಯಾವುದೋ ಅಶ್ಲೀಲ ಪುಟದ ಮೇಲೆ ಬಂದು ಕಂಪನಿಯವರು ಗಾಬರಿಯಾಗಿದ್ದರಂತೆ. ಪುಟಕ್ಕೂ ಜಾಹೀರಾತಿಗೂ ಸಂಬಂಧ ಇಲ್ಲ ಅಂತ ತೋರಿಸಲು ಜಾಹೀರಾತಿಗೆ ಬೇರೆ ಕಿಟಕಿ ಕೊಟ್ಟರು. ಪುಟದ ಮೈಲಿಗೆ ಜಾಹೀರಾತಿಗೆ ತಟ್ಟಬಾರದು ಅಂತ ಇಷ್ಟು ತಲೆ ಕೆಡಿಸಿಕೊಂಡವರು, ಜಾಹೀರಾತಿನ ಮೈಲಿಗೆ ಪುಟಕ್ಕೂ ಓದುಗನಿಗೂ ತಟ್ಟಿದರೆ ಏನು ಗತಿ ಅಂತ ಅಷ್ಟು ಯೋಚಿಸಿದಂತೆ ಕಾಣುವುದಿಲ್ಲ.

ಅದು ತಟ್ಟಿತು. 2009ರ ಸೆಪ್ಟೆಂಬರಿನ ಒಂದು ವಾರಾಂತ್ಯ ನ್ಯೂಯಾರ್ಕ್ ಟೈಮ್ಸ್ ಓದುತ್ತಿದ್ದ ಕೆಲವರ ಪರದೆ ಮೇಲೆ 'ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈ ತಂತ್ರಾಂಶ ಹಾಕಿಕೊಳ್ಳಿ' ಎಂಬ ಎಚ್ಚರಿಕೆ ಬಂತು. ಎಚ್ಚರಿಕೆಯೇ ಮೋಸ. ವಾನೇಜ್ ಎಂಬ ಇಂಟರ್ನೆಟ್ ಫೋನ್ ಕಂಪನಿಯ ಹೆಸರು ಹೇಳಿಕೊಂಡು ಯಾರೋ ಜಾಗ ಖರೀದಿಸಿದ್ದರು. ಮೊದಮೊದಲು ವಾನೇಜ್‌ನ ಜಾಹೀರಾತನ್ನೇ ತೋರಿಸಿದರು, ವಾರಾಂತ್ಯಕ್ಕೆ ಬಣ್ಣ ಬದಲಿಸಿದರು. ವಾನೇಜ್ ಹಳೇ ಗಿರಾಕಿ ಆಗಿದ್ದರಿಂದ ಪತ್ರಿಕೆಯವರು ಜಾಹೀರಾತನ್ನು ಹೊರಗಿನ ಸರ್ವರಿನಿಂದ ಕಳಿಸಲು ಬಿಟ್ಟಿದ್ದರು, ಆ ಸರ್ವರನ್ನು ತಪಾಸಣೆ ಮಾಡಿರಲಿಲ್ಲ.

ಇದನ್ನು ಓದಿದಾಗ ನನಗೆ ಬೆವರು ಬಂತು. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದು ಇಂಥದೇ ಒಂದು ಆ್ಯಡ್-ಟೆಕ್ ಕಂಪನಿಯಲ್ಲಿ. ನೀವು ಪುಟ ತೆರೆದ ಕೂಡಲೇ ನಿಮ್ಮನ್ನು ಹರಾಜಿಗಿಟ್ಟು, ಯಾರು ಹೆಚ್ಚು ಕೊಡುತ್ತಾರೋ ಅವರ ಜಾಹೀರಾತು ತೋರಿಸುವ ವ್ಯವಸ್ಥೆ. ಇಡೀ ಹರಾಜು ಸುಮಾರು 100 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು, ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ನಮ್ಮಲ್ಲಿ ಹೊಸ ಜಾಹೀರಾತುಗಳನ್ನು ಪರಿಶೀಲಿಸುವ ಒಂದು ಸಾಲು ಇತ್ತು, ಅದು ಯಾವಾಗಲೂ ಉದ್ದ. 'ಹಿಂದೆ ತೊಂದರೆ ಕೊಡದ ಖಾತೆಗಳ ಜಾಹೀರಾತು ನೇರ ಹೋಗಲಿ' ಅಂತ ಒಂದು ಟಿಕೆಟ್ ಬಂತು, ನಾನು ಬರೆದು ಮುಗಿಸಿದೆ. ಸಾಲು ಅರ್ಧಕ್ಕಿಳಿಯಿತು. ತಂಡದ ಚಾಟ್‌ನಲ್ಲಿ ಚಪ್ಪಾಳೆಯ ಇಮೋಜಿ ಬಂದವು. ಹಳೇ ಗಿರಾಕಿಯ ವೇಷದಲ್ಲಿ ಬರುವವನಿಗೆ ನಾನು ಬಾಗಿಲು ತೆಗೆದಿಟ್ಟೆ ಅಂತ ಆಗ ಹೊಳೆಯಲೇ ಇಲ್ಲ. ನ್ಯೂಯಾರ್ಕ್ ಟೈಮ್ಸ್ ಕಥೆ ನಡೆದು ಎಷ್ಟೋ ವರ್ಷವಾಗಿತ್ತು, ನಮ್ಮಲ್ಲಿ ಯಾರೂ ಅದನ್ನು ಓದಿರಲಿಲ್ಲ.

ಆಮೇಲಿನದು ಇನ್ನೂ ಕೆಟ್ಟದ್ದು, ಯಾಕಂದರೆ ಒತ್ತುವ ಅಗತ್ಯವೇ ಇರಲಿಲ್ಲ. 2014ರ ಜನವರಿ ಮೊದಲ ವಾರ ಯಾಹೂ ಪುಟಗಳಲ್ಲಿ ಬಂದ ಜಾಹೀರಾತುಗಳು ಯುರೋಪಿನ ಓದುಗರ ಕಂಪ್ಯೂಟರಿಗೆ ಮಾಲ್‌ವೇರ್ ಇಳಿಸುತ್ತಿವೆ ಅಂತ ನೆದರ್‌ಲ್ಯಾಂಡ್ಸಿನ ಫಾಕ್ಸ್-ಐಟಿ ಸಂಸ್ಥೆ ಪತ್ತೆ ಹಚ್ಚಿತು. ಗಂಟೆಗೆ 27,000 ಕಂಪ್ಯೂಟರುಗಳು ಅಂತ ಅವರ ಅಂದಾಜು. ಹಳೆಯ ಜಾವಾ, ಹಳೆಯ ಫ್ಲ್ಯಾಶ್ ಇದ್ದ ಯಂತ್ರದಲ್ಲಿ ಪುಟ ತೆರೆದರೆ ಸಾಕಿತ್ತು. 2016ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿ ಸೇರಿ ದೊಡ್ಡ ದೊಡ್ಡ ತಾಣಗಳ ಜಾಹೀರಾತು ಚೌಕಗಳಿಂದ ರ‍್ಯಾನ್ಸಮ್‌ವೇರ್ ಹೊರಟಿತು. ಮಾಲ್‌ವರ್ಟೈಸಿಂಗ್ ಎಂಬ ಶಬ್ದ ಅಷ್ಟರಲ್ಲಿ ಚಾಲ್ತಿಗೆ ಬಂದಿತ್ತು. ಬ್ರೌಸರ್ ಮಾಡುವವರು ಎಚ್ಚೆತ್ತರು. ತಾವಾಗಿಯೇ ಅಪ್‌ಡೇಟ್ ಆಗುವ ಬ್ರೌಸರುಗಳು ಬಂದವು, 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ತೀರಿಕೊಂಡಿತು. ನೀವು ಆಗಾಗ 'ನಂತರ' ಅಂತ ಮುಂದೂಡುವ ಆ ಅಪ್‌ಡೇಟ್ ಇದೇ ಜಗಳದಲ್ಲಿ ಗೆದ್ದ ಆಯುಧ, ದಯವಿಟ್ಟು ಒತ್ತಿ.

ಯಂತ್ರಕ್ಕೆ ನುಗ್ಗುವುದು ದುಬಾರಿಯಾದ ಹೊತ್ತಿಗೆ ನಮ್ಮ ಕಡೆ ಇನ್ನೊಂದು ಘಟನೆ ನಡೆದಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಮಹಾದಾಯಿ ನೀರಿಗಾಗಿ 2015ರಿಂದ ನರಗುಂದದಲ್ಲಿ ಧರಣಿ ಕೂತಿದ್ದವರ ಕೈಯಲ್ಲೂ ಕೆಲವೇ ತಿಂಗಳಲ್ಲಿ ವಿಡಿಯೊ ಓಡತೊಡಗಿದವು. ಇಪ್ಪತ್ತು ವರ್ಷ ಪಾಪ್-ಅಪ್, ನಕಲಿ ಆ್ಯಂಟಿವೈರಸ್, ಲಾಟರಿ ಮೇಲ್ ಎಲ್ಲ ನೋಡಿ ಪೆಟ್ಟು ತಿಂದು ಕಲಿತ ಜನ ಒಂದು ಕಡೆ. ಅದ್ಯಾವುದನ್ನೂ ನೋಡದೆ ಒಂದೇ ಸಲಕ್ಕೆ ಬಂದ ನಮ್ಮಪ್ಪ, ಕಾಕಾ, ಅತ್ತಿಗೆಯಂದಿರು ಇನ್ನೊಂದು ಕಡೆ. ಜಾಹೀರಾತಿನ ಹರಾಜಿಗೆ ಇಬ್ಬರೂ ಒಂದೇ. ಅಲ್ಲ, ತಪ್ಪಾಯ್ತು, ಒಂದೇ ಅಲ್ಲ. ಯಾರು ಒತ್ತುತ್ತಾರೋ ಅವರಿಗೆ ಅಂಥದೇ ಇನ್ನಷ್ಟು ತೋರಿಸು ಅಂತ ಕಲಿಯುವ ಯಂತ್ರ ಅದು.

ನಮ್ಮ ವೈನಿಯ ತವರು ಗಜೇಂದ್ರಗಡ, ನೇಕಾರರ ಮನೆ. ಚೌಕಳಿಯ ಪಟ್ಟೇದಂಚು ಸೀರೆ ನೇಯುವ ಊರದು, ಸವದತ್ತಿ ಎಲ್ಲಮ್ಮನಿಗೂ ಉಡಿಸುತ್ತಾರೆ ಆ ಸೀರೆಯನ್ನು. ಒಮ್ಮೆ ವೈನಿ ಫೋನು ತೋರಿಸಿ "ಇದು ನಮ್ಮನ್ಯಾಗ ತಗದ ಫೋಟೊನಽ ಅದ" ಅಂದಳು. ಅವಳ ತಮ್ಮ ಗಿರಾಕಿಗಳಿಗೆ ಕಳಿಸಿದ್ದ ಚಿತ್ರ ಯಾವುದೋ ಆನ್‌ಲೈನ್ ಅಂಗಡಿಯ ಜಾಹೀರಾತಾಗಿತ್ತು, ದರ 399. ನೂಲಿನ ಖರ್ಚೂ ಹುಟ್ಟದ ದರ. ಕೊಂಡವರಿಗೆ ಏನು ಬಂತೋ, ಬಂತೋ ಇಲ್ಲವೋ. ಹಳೇ ವಿಪಿಪಿ ಉಂಗುರದವನು ಕನಿಷ್ಠ ತನ್ನದೇ ಚಿತ್ರ ಹಾಕುತ್ತಿದ್ದ.

ಮುಖವನ್ನೇ ಕದಿಯುವುದು ಮುಂದಿನ ಹೆಜ್ಜೆ. ಎನ್.ಆರ್. ನಾರಾಯಣ ಮೂರ್ತಿಯವರು ಯಾವುದೋ ಟ್ರೇಡಿಂಗ್ ಆ್ಯಪ್ ಹೊಗಳುವ ನಕಲಿ ವಿಡಿಯೊಗಳು ಹರಿದಾಡಿ, 2023ರ ಡಿಸೆಂಬರಿನಲ್ಲಿ ಅವರೇ ಇವು ಸುಳ್ಳು ಎಂದು ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು. ಆಮೇಲೂ 2024ರಲ್ಲಿ ಇಂಥ ವಿಡಿಯೊ ನಂಬಿ ಬೆಂಗಳೂರಿನವರೇ ಲಕ್ಷಾಂತರ ರೂಪಾಯಿ ಕಳೆದುಕೊಂಡರು. ಹಾಗಾಗಿ ಇದು ಹಳ್ಳಿಯವರ ಅಮಾಯಕತೆ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಕಾಕಾನ ಸೋಲಾರ್ ಮೋಟರಿಗೂ ಚರಿತ್ರೆಯಿದೆ. ಕೇಂದ್ರದ ಪಿಎಂ-ಕುಸುಮ್ ಯೋಜನೆ ಬಂದದ್ದು 2019ರ ಮಾರ್ಚಿನಲ್ಲಿ. ಅದೇ ತಿಂಗಳು ನವೀಕರಿಸಬಹುದಾದ ಇಂಧನ ಸಚಿವಾಲಯ, ಈ ಯೋಜನೆಯ ಹೆಸರಿನಲ್ಲಿ ನಕಲಿ ಜಾಲತಾಣಗಳಿವೆ, ನೋಂದಣಿ ಶುಲ್ಕ ಕಟ್ಟಬೇಡಿ ಅಂತ ಪ್ರಕಟಣೆ ಕೊಟ್ಟಿತು. 2020ರಲ್ಲಿ ಮತ್ತೆ ಮತ್ತೆ ಕೊಟ್ಟಿತು. ಯೋಜನೆ ಹೊಲಕ್ಕೆ ತಲುಪುವ ಮೊದಲೇ ಮೋಸ ತಲುಪಿತ್ತು. ಆ ಎಚ್ಚರಿಕೆ ಇರುವುದು ಸಚಿವಾಲಯದ ಜಾಲತಾಣದಲ್ಲಿ ಮತ್ತು ಪತ್ರಿಕಾ ಪ್ರಕಟಣೆಯಲ್ಲಿ. ಮೋಸ ಇರುವುದು ಹುಡುಕಾಟದ ಮೊದಲ ಸಾಲಿನಲ್ಲಿ, ದುಡ್ಡು ಕೊಟ್ಟು.

ಆ ಸಂಜೆ ಕಾಕಾ ಹುಡುಕಿದ ಶಬ್ದಗಳನ್ನೇ ನಾನು ನನ್ನ ಫೋನಿನಲ್ಲಿ ಹುಡುಕಿದೆ. ಆ ಜಾಹೀರಾತು ಬರಲಿಲ್ಲ. ನಾಲ್ಕು ಸಲ ನೋಡಿದೆ, ಇಲ್ಲ. ಈ ಕೆಲಸ ಬಲ್ಲವನಾದ್ದರಿಂದ ಯಾಕೆ ಅಂತ ಊಹಿಸಬಲ್ಲೆ: ಗದಗ ಜಿಲ್ಲೆ, ಕನ್ನಡ, ಇಂಥ ವಯಸ್ಸು ಅಂತ ಆರಿಸಿ ತೋರಿಸಬಹುದು, ತಪಾಸಣೆ ಮಾಡುವವನು ಬಂದರೆ ಅವನಿಗೆ ಬೇರೆ, ಸಭ್ಯವಾದ ಪುಟ ತೋರಿಸಬಹುದು. ಊರ ಗೋಡೆಯಾಗಿದ್ದರೆ ಇಡೀ ಓಣಿ ಓದುತ್ತಿತ್ತು, ಯಾರಾದರೂ ಒಬ್ಬ "ಇದು ಖೊಟ್ಟಿ ಐತಿ" ಅನ್ನುತ್ತಿದ್ದ. ಕಾಕಾ ಅದನ್ನು ಒಬ್ಬನೇ ಓದಿದ.

ಕಾಕಾನಿಗೆ ಮೊದಲು 1930ಕ್ಕೆ ಫೋನ್ ಮಾಡು ಅಂದೆ. ಆನ್‌ಲೈನ್ ಹಣದ ಮೋಸಕ್ಕೆ ಇರುವ ರಾಷ್ಟ್ರೀಯ ಸಹಾಯವಾಣಿ ಅದು. 2021ರಲ್ಲಿ 155260 ಎಂಬ ನಂಬರಿನಿಂದ ಶುರುವಾಗಿ ಆಮೇಲೆ 1930 ಆಯಿತು. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿ ಮಾಯವಾಗುತ್ತದೆ, ಬೇಗ ಹೇಳಿದರೆ ಮಧ್ಯದಲ್ಲಿ ತಡೆಯುವ ಸಾಧ್ಯತೆ ಇರುತ್ತದೆ. ಕಾಕಾ ದುಡ್ಡು ಕಟ್ಟಿ ಮೂರು ದಿನವಾಗಿತ್ತು. ಹದಿನೆಂಟು ಸಾವಿರ ಉಳಿಯಿತು, ಐದು ಸಾವಿರದ ಆರುನೂರು ಇನ್ನೂ ಬಂದಿಲ್ಲ.

ದೀಪಾವಳಿಗೆ ಹೋದಾಗ ಆತನ ಫೋನು ಹಿಡಿದು ಕೂತೆ. ಸೆಟ್ಟಿಂಗ್ಸಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಒಂದು ಜಾಗ ಇದೆ, ಆಂಡ್ರಾಯ್ಡ್ 9ರಿಂದ ಬಂದದ್ದು. ಅಲ್ಲಿ ಜಾಹೀರಾತು ತಡೆಯುವ ಸರ್ವರಿನ ವಿಳಾಸ ಹಾಕಿದರೆ ಬಹಳಷ್ಟು ಚೌಕಗಳು ಖಾಲಿಯಾಗುತ್ತವೆ. ನಾನು ಹಾಕಿದ್ದು ಆ್ಯಡ್‌ಗಾರ್ಡ್‌ನವರದು. ಫೈರ್‌ಫಾಕ್ಸ್ ಹಾಕಿ ಅದರಲ್ಲಿ ಯುಬ್ಲಾಕ್ ಒರಿಜಿನ್ ಸೇರಿಸಿದೆ. ಹುಡುಕಾಟದ ಪುಟದ ಮೇಲಿನ 'ಪ್ರಾಯೋಜಿತ' ಸಾಲುಗಳನ್ನು ಬಹುಮಟ್ಟಿಗೆ ಅದು ತೆಗೆಯುತ್ತದೆ, ಡಿಎನ್‌ಎಸ್ ಒಂದೇ ತೆಗೆಯುವುದಿಲ್ಲ. ಇದೆಲ್ಲ ಕಳ್ಳ ದಾರಿ ಅಂತ ಅನ್ನಿಸಿದರೆ, 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಸಂಸ್ಥೆಯೇ ಜನರಿಗೆ ಆ್ಯಡ್ ಬ್ಲಾಕರ್ ಬಳಸಿ ಅಂತ ಸಲಹೆ ಕೊಟ್ಟಿದೆ, ಹುಡುಕಾಟದ ಜಾಹೀರಾತಿನಲ್ಲಿ ಬೇರೆಯವರ ವೇಷ ಹಾಕಿ ಬರುವವರಿಂದ ಉಳಿಯಲು. ಆದರೆ ಸಾಮಾಜಿಕ ಜಾಲತಾಣಗಳ ಆ್ಯಪ್‌ಗಳ ಒಳಗಿನ ಜಾಹೀರಾತಿಗೆ ಇವು ಯಾವುದೂ ನಾಟುವುದಿಲ್ಲ. ಅದಕ್ಕೆ ವಿಳಾಸ ಓದುವುದನ್ನು ಕಲಿಸಿದೆ: ಮೊದಲ ಗೆರೆ ಬರುವವರೆಗೆ ನೋಡು, ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದು. ಕೊನೆಗೆ 'ಡಾಟ್ ಜಿಒವಿ ಡಾಟ್ ಇನ್' ಇದ್ದರೆ ಸರಕಾರದ್ದು, ಅದನ್ನು ಬೇರೆಯವರಿಗೆ ಕೊಡುವುದಿಲ್ಲ. 'ಕುಸುಮ್', 'ಯೋಜನಾ', 'ಸರ್ಕಾರ್' ಅಂತ ಮುಂದೆ ಎಷ್ಟೇ ಇದ್ದರೂ ಕೊನೆ 'ಡಾಟ್ ಕಾಮ್', 'ಡಾಟ್ ಆನ್‌ಲೈನ್' ಇದ್ದರೆ ಅಲ್ಲಿ ಒಂದು ರೂಪಾಯಿಯನ್ನೂ ಕಟ್ಟಬೇಡ, ಮೊದಲು ಹೆಸ್ಕಾಂ ಆಫೀಸಿನಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ಕೇಳು. ಜಾಹೀರಾತಿನ ಮೂಲೆಯ ಮೂರು ಚುಕ್ಕೆ ಒತ್ತಿದರೆ ದುಡ್ಡು ಕೊಟ್ಟವರ ಹೆಸರು, ದೇಶ ಕೆಲವು ಕಡೆ ಕಾಣುತ್ತದೆ ಅಂತಲೂ ತೋರಿಸಿದೆ.

"ಹಿಂದ ಮುಂದ ಓದೂದು ಛಲೋ ಐತಿ," ಅಂದ ಕಾಕಾ. "ಪಾಣಿ ಉತಾರಿನ್ಯಾಗೂ ಕಡೀ ಕಾಲಮ್ಮ ಮೊದಲ ನೋಡ್ತೀವಿ, ಬೋಜಾ ಏನಾರ ಐತೇನು ಅಂತ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅವ್ರು ಮ್ಯಾಲೆ ಹಾಕಾಕ ರೊಕ್ಕಾ ಕೊಟ್ಟಾರ ಅಂದ್ಯಲಾ. ನಾ ಅದನ್ನ ಒತ್ತಿದ್ದಕ್ಕ ಹಾಕಿದ ಕಂಪನಿಗೆ ಎಷ್ಟ ಮುಟ್ಟಿರತೈತಿ?"

ಕೆಲವು ರೂಪಾಯಿ ಇರಬಹುದು ಅಂದೆ. ಪ್ರತಿ ಒತ್ತಿಗೆ ಇಷ್ಟು ಅಂತ ಲೆಕ್ಕ. ಒಬ್ಬೊಬ್ಬರಿಂದ ಕೆಲವು ರೂಪಾಯಿ ಅನ್ನುವುದು ಒಟ್ಟು ಎಷ್ಟಾಗುತ್ತದೆ ಅನ್ನುವುದಕ್ಕೆ ಆಮೇಲೆ ಒಂದು ಸುಳಿವು ಸಿಕ್ಕಿತು. 2025ರ ನವೆಂಬರಿನಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ಮೆಟಾ ಕಂಪನಿಯ ಒಳಗಿನ ಕಾಗದಪತ್ರಗಳನ್ನು ನೋಡಿ ವರದಿ ಮಾಡಿತು: 2024ರ ಆದಾಯದಲ್ಲಿ ಸುಮಾರು ಶೇಕಡಾ 10 ಮೋಸದ ಮತ್ತು ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರಬಹುದು ಅಂತ ಕಂಪನಿಯೇ ಅಂದಾಜು ಮಾಡಿಕೊಂಡಿತ್ತು, ಅಂದರೆ 1,600 ಕೋಟಿ ಡಾಲರ್. ಜಾಹೀರಾತುದಾರ ವಂಚಕನೆಂದು ಶೇಕಡಾ 95ರಷ್ಟು ಖಾತ್ರಿಯಾದರೆ ಮಾತ್ರ ಹೊರಗೆ ಹಾಕುವುದು, ಬರೀ ಅನುಮಾನವಾದರೆ ಹೆಚ್ಚು ದರ ಹಾಕುವುದು ಅಂತ ಅದರಲ್ಲಿತ್ತು. ಆ ಅಂದಾಜು ಒರಟು, ಅತಿಯಾಗಿ ಸೇರಿಸಿದ್ದು ಎಂದು ಕಂಪನಿ ಹೇಳಿತು. ನಮ್ಮ ಐಟಿ ಕಾಯ್ದೆಯ 79ನೇ ಸೆಕ್ಷನ್, ಬೇರೆಯವರು ಹಾಕಿದ್ದಕ್ಕೆ ಮಧ್ಯವರ್ತಿ ಷರತ್ತುಗಳೊಳಗೆ ಹೊಣೆಯಲ್ಲ ಅನ್ನುತ್ತದೆ. ದುಡ್ಡು ತೆಗೆದುಕೊಂಡು ಎಲ್ಲರಿಗಿಂತ ಮೇಲೆ ಕೂರಿಸುವವನೂ ಬರೀ ಮಧ್ಯವರ್ತಿಯೇ? 1954ರ ಕಾಯ್ದೆ ಬರೆದವರಿಗೆ ಈ ಪ್ರಶ್ನೆ ಕೇಳಿದ್ದರೆ ಏನನ್ನುತ್ತಿದ್ದರೋ.

ಕಾಕಾನಿಗೆ ಆ ಕೆಲವು ರೂಪಾಯಿಯ ಲೆಕ್ಕ ಹೇಳಿದಾಗ, ಅಂಥದೇ ಕಂಪನಿಯಲ್ಲಿ ನಾನು ಬರೆದ ಆ ಕೋಡಿನ ವಿಷಯವನ್ನೂ ಹೇಳಿದೆ. ಆತ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನೆ ಕೇಳಿದ.

"ಈಗೂ ಹಂಗ ಐತೇನದು?"

"ಗೊತ್ತಿಲ್ಲ ಕಾಕಾ. ನಾ ಬಿಟ್ಟ ಬಂದೀನಿ."

"ಒಂದ ಫೋನ್ ಹಚ್ಚಿ ಕೇಳಲಾ."

ಹಳೇ ತಂಡದ ಗೆಳೆಯನೊಬ್ಬ ಅಲ್ಲೇ ಇದ್ದಾನೆ. ಅವನಿಗೆ ಮೆಸೇಜ್ ಮಾಡಿದ್ದೇನೆ. ಆ ನಿಯಮ ಹಾಗೇ ಇದೆಯಂತೆ, ತೆಗೆಯಲು ಒಂದು ಟಿಕೆಟ್ ಹಾಕಿದ್ದಾನೆ, ಇನ್ನೂ ಯಾರೂ ಎತ್ತಿಕೊಂಡಿಲ್ಲ.